ಪರದೇಶದ ಮನೆ: ಮುಂಗಡ ಕೊಡುವ ಮುನ್ನ



ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಈಚೆಗೆ ಒಂದು ಹೊಸ ಸಂತೆ ನೆರೆಯುತ್ತಿದೆ. ಅದು ದುಬೈ ನಗರದ ಫ್ಲ್ಯಾಟುಗಳನ್ನು ಮಾರುವ ಸಂತೆ. ಅಲ್ಲಿ ಚಹಾದ ಟ್ರೇ ಹಿಡಿದು ಓಡಾಡುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ರಾತ್ರಿ ಖೋಲಿಗೆ ಮರಳುವಾಗ ಅವರ ಕಿಸೆಯಲ್ಲಿ ಬಣ್ಣದ ಒಂದು ಕರಪತ್ರ. ತಿಂಗಳಿಗೆ ಬೆಲೆಯ ಶೇಕಡಾ 1ರಂತೆ ಕಟ್ಟುತ್ತ ಬಂದರೆ ಕಡಲ ದಂಡೆಯಲ್ಲಿ ರಜೆ ಕಳೆಯಲು ಸ್ವಂತ ಮನೆ ಎಂದು ಅದರಲ್ಲಿ ಅಚ್ಚಾಗಿರುತ್ತದೆ.

ಇದು ಧಣಿಗಳ ವಿಷಯ, ನಮಗೇಕೆ ಎಂದು ಕೆಲವರು ಕೇಳಬಹುದು. ಹಾಗೆನ್ನುವಂತಿಲ್ಲ. ಗಿರಣಿಯಲ್ಲಿ ದುಡಿದವರ, ಹೋಟೆಲಿನಲ್ಲಿ ಬೆವರು ಸುರಿಸಿದವರ ಮಕ್ಕಳು ಎಷ್ಟೋ ಮಂದಿ ಇಂದು ಕೊಲ್ಲಿ ನಾಡುಗಳಲ್ಲಿದ್ದಾರೆ. ಮಗ ಅಲ್ಲಿ ಮೊದಲ ಕಂತು ಕಟ್ಟುತ್ತಾನೆ. ಕೈ ಸಾಲದೆ ಬಂದಾಗ ತಂದೆಯ ಪ್ರಾವಿಡೆಂಟ್ ಫಂಡು ಕರಗುತ್ತದೆ, ತಾಯಿಯ ಬಳೆ ಅಡವಿಗೆ ಹೋಗುತ್ತದೆ. ಆದುದರಿಂದ ಈ ವಿಷಯ ನಮ್ಮದೂ ಹೌದು.

ಪರದೇಶದಲ್ಲಿ ಮನೆ ಕೊಳ್ಳುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ದುಡಿದವನಿಗೆ ಸಮುದ್ರದ ಗಾಳಿಯಲ್ಲಿ ನಾಲ್ಕು ದಿನ ಕೂರುವ ಆಸೆ ಇರಬಾರದೇನು? ನಮ್ಮ ಮಾತು ಇಷ್ಟೆ: ಕರಪತ್ರದಲ್ಲಿ ಅಚ್ಚಾದುದು ಮನೆಯ ಬೆಲೆಯ ಒಂದು ಪಾಲು ಮಾತ್ರ. ಉಳಿದ ಪಾಲನ್ನು ಕೇಳಿ ತಿಳಿಯುವ ತನಕ ಒಂದು ಪೈಸೆಯನ್ನೂ ಮುಂಗಡ ಕೊಡಕೂಡದು.

ಮೊದಲನೆಯದು ಹಕ್ಕಿನ ಪ್ರಶ್ನೆ. ಪಗಡಿ ಖೋಲಿಯಲ್ಲಿ ಬಾಳಿದ ನಮಗೆ ವಾಸ ಬೇರೆ, ಒಡೆತನ ಬೇರೆ ಎಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಥಾಯ್ಲೆಂಡಿನಲ್ಲಿ ಸಾಮಾನ್ಯವಾಗಿ ವಿದೇಶಿಯರ ಹೆಸರಿಗೆ ಭೂಮಿ ಆಗುವುದಿಲ್ಲ. ಫ್ಲ್ಯಾಟು ಕೊಳ್ಳಬಹುದು, ಆದರೆ ಒಂದು ಕಟ್ಟಡದ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 49ಕ್ಕಿಂತ ಹೆಚ್ಚು ಅವರ ಪಾಲಾಗುವಂತಿಲ್ಲ. ಅಂಗಳವಿರುವ ಬಂಗಲೆಯೇ ಬೇಕೆಂದವನಿಗೆ ಭೂಮಿ ಸಿಗುವುದು ಲೀಸಿನ ಮೇಲೆ, ಅದೂ ಒಂದು ಸಲಕ್ಕೆ ಹೆಚ್ಚೆಂದರೆ 30 ವರ್ಷಕ್ಕೆ. ದುಬೈಯಲ್ಲಿ 2002ರಿಂದ ವಿದೇಶಿಯರಿಗೆ ಬಾಗಿಲು ತೆರೆಯಿತು. 2006ರ 7ನೆಯ ಕಾನೂನಿನಂತೆ ಅದು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ಇನ್ನೂ ಕಟ್ಟುತ್ತಿರುವ ಮನೆಯಾದರೆ, 2007ರ 8ನೆಯ ಕಾನೂನಿನ ಪ್ರಕಾರ ಹಣವು ಆ ಕಟ್ಟಡಕ್ಕೆಂದೇ ಬ್ಯಾಂಕಿನಲ್ಲಿ ತೆರೆದ ಪ್ರತ್ಯೇಕ ಖಾತೆಗೆ ಹೋಗತಕ್ಕದ್ದು, ದಲ್ಲಾಳಿಯ ಕೈಗಲ್ಲ. ಈ ಎಚ್ಚರ ಸುಮ್ಮನೆ ಹೇಳಿದುದಲ್ಲ. 2008-09ರಲ್ಲಿ ಅಲ್ಲಿಯ ಬೆಲೆಗಳು ಸುಮಾರು ಅರ್ಧಕ್ಕೆ ಕುಸಿದು, ಎಷ್ಟೋ ಕಟ್ಟಡಗಳು ಅರ್ಧದಲ್ಲೇ ನಿಂತವು.

ಎರಡನೆಯದು ಹಣ ಸಾಗಿಸುವ ದಾರಿ. ಇಲ್ಲಿ ವಾಸಿಸುವ ಒಬ್ಬನು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನ ತನಕ ಬ್ಯಾಂಕಿನ ಮೂಲಕ ಕಳುಹಿಸಲು ರಿಜರ್ವ್ ಬ್ಯಾಂಕಿನ ಅನುಮತಿಯುಂಟು. ಆದರೆ ಇದಕ್ಕೆಂದು ಇಲ್ಲಿಯ ಬ್ಯಾಂಕು ಸಾಲ ಕೊಡುವಂತಿಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಶೇಕಡಾ 20ರಷ್ಟು ತೆರಿಗೆಯನ್ನು ಬ್ಯಾಂಕು ಮೊದಲೇ ವಸೂಲು ಮಾಡುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ಹಿಂದಕ್ಕೆ ಕೇಳಬಹುದು, ಆದರೆ ಅಲ್ಲಿಯ ತನಕ ಆ ಹಣ ಕೈಯಲ್ಲಿರುವುದಿಲ್ಲ. ಹವಾಲಾದವನ ಮಾತಿಗೆ ಕಿವಿಗೊಟ್ಟರೆ ಹಣವೂ ಹೋದೀತು, ಮಾನವೂ ಹೋದೀತು. ಇಲ್ಲಿಯ ನಿವಾಸಿಯಾದವನು ಪರದೇಶದ ಮನೆಯನ್ನು ತನ್ನ ತೆರಿಗೆ ಪತ್ರದಲ್ಲಿ ಕಾಣಿಸದಿದ್ದರೆ 2015ರ ಕಪ್ಪುಹಣದ ಕಾನೂನಿನಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಅಲ್ಲಿಯೇ ನೆಲಸಿ ದುಡಿಯುವ ಮಗನು ಅಲ್ಲಿಯ ಗಳಿಕೆಯಿಂದ ಕೊಂಡುದಾದರೆ, ಊರಿಗೆ ಮರಳಿದ ಮೇಲೂ ಅದನ್ನು ಇಟ್ಟುಕೊಳ್ಳಲು ನಮ್ಮ ವಿದೇಶಿ ವಿನಿಮಯ ಕಾನೂನು ಒಪ್ಪುತ್ತದೆ.

ಮೂರನೆಯದು ಬೆಲೆಯ ಆಚೆಗಿನ ಖರ್ಚು. ದುಬೈಯಲ್ಲಿ ನೋಂದಣಿಗೆಂದೇ ಬೆಲೆಯ ಶೇಕಡಾ 4. ಆಮೇಲೆ ಲಿಫ್ಟು, ನೀರು, ಕಾವಲುಗಾರ, ಈಜುಕೊಳ ಇವುಗಳ ವೆಚ್ಚವೆಂದು ಚದರ ಅಡಿಯ ಲೆಕ್ಕದಲ್ಲಿ ವರ್ಷ ವರ್ಷವೂ ಕಟ್ಟಬೇಕು. ನೀವು ಹೋಗಿ ಈಜಿದರೂ ಅಷ್ಟೇ, ಈಜದಿದ್ದರೂ ಅಷ್ಟೇ. ಇನ್ನು ನಾಣ್ಯದ ಮಾತು. 2010ರಲ್ಲಿ ಒಂದು ದಿರ್ಹಮಿಗೆ ಸುಮಾರು 12 ರೂಪಾಯಿ ಇದ್ದುದು 2024ರಲ್ಲಿ ಸುಮಾರು 23 ರೂಪಾಯಿ ಆಯಿತು. ಕಂತು ದಿರ್ಹಮಿನಲ್ಲಿ, ಸಂಬಳ ರೂಪಾಯಿಯಲ್ಲಿ ಎಂದರೆ, ಕಂತು ಏರದೆಯೇ ಸಾಲ ಏರುತ್ತದೆ.

ನಾಲ್ಕನೆಯದು, ಮನೆ ಇದ್ದ ಮಾತ್ರಕ್ಕೆ ಎಲ್ಲೆಡೆಯೂ ವಾಸದ ಹಕ್ಕು ಬರುವುದಿಲ್ಲ, ಬಂದ ಹಕ್ಕು ಉಳಿಯುವುದೆಂಬ ಭರವಸೆಯೂ ಇಲ್ಲ. ಸ್ಪೇನ್ ದೇಶವು 2013ರಲ್ಲಿ 5 ಲಕ್ಷ ಯೂರೋ ಬೆಲೆಯ ಆಸ್ತಿ ಕೊಂಡವರಿಗೆ ವಾಸದ ಪರವಾನಗಿ ಕೊಡತೊಡಗಿತು. ತನ್ನ ಜನರಿಗೇ ಮನೆ ದೊರೆಯದಾಗಿದೆಯೆಂದು 2025ರ ಏಪ್ರಿಲಿನಲ್ಲಿ ಆ ಬಾಗಿಲನ್ನು ಮುಚ್ಚಿತು.

ಐದನೆಯದು, ನಮ್ಮ ನಂತರದ ಮಾತು. ಸ್ಥಿರ ಆಸ್ತಿಯ ವಾರಸಿಗೆ ಸಾಮಾನ್ಯವಾಗಿ ಆಸ್ತಿ ಇರುವ ನೆಲದ ಕಾನೂನೇ ಅನ್ವಯಿಸುತ್ತದೆ. ಅಲ್ಲಿ ಸಲ್ಲುವಂಥ ಉಯಿಲು ಬರೆದಿಡದಿದ್ದರೆ, ಭಾಷೆ ತಿಳಿಯದ ಹೆಂಡತಿ ಮಕ್ಕಳು ಕಡಲಾಚೆಯ ಕಚೇರಿಗಳಿಗೆ ಅಲೆಯಬೇಕಾದೀತು.

ಕೊನೆಗೆ ಒಂದು ಸಣ್ಣ ಲೆಕ್ಕ. ಗಿರಣಿ, ಕಾರ್ಖಾನೆಯ ಕೆಲಸಗಾರನಿಗೆ ಕಾನೂನು ಕೊಡುವುದು 20 ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ. 300 ದಿನ ದುಡಿದವನಿಗೆ 15 ದಿನ. ಆ 15 ದಿನಗಳಲ್ಲಿ ಊರಿನ ಜಾತ್ರೆ, ತಂಗಿಯ ಮಗಳ ಮದುವೆ, ಹಾಸಿಗೆ ಹಿಡಿದ ತಾಯಿ. ಹೀಗಿರಲಾಗಿ ಕಡಲಾಚೆಯ ಮನೆಯ ಬೀಗ ತೆಗೆಯುವವರು ಯಾರು? ಬಾಡಿಗೆ ಬರುತ್ತದಲ್ಲ ಎಂದು ದಲ್ಲಾಳಿ ಹೇಳುತ್ತಾನೆ. ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡಲು ದುಬೈಯಲ್ಲಿ ಸರಕಾರದ ಪರವಾನಗಿ ಬೇಕು, ನೋಡಿಕೊಳ್ಳುವವನಿಗೆ ಕೂಲಿ ಬೇಕು, ಬಂದ ಬಾಡಿಗೆಗೆ ಇಲ್ಲಿಯ ನಿವಾಸಿಯು ಇಲ್ಲಿ ಲೆಕ್ಕ ಕೊಡಬೇಕು. ಇದನ್ನು ಅವನು ಹೇಳುವುದಿಲ್ಲ.

ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ಬೆಟ್ಟ ಹತ್ತಬೇಡವೆಂದು ಅವರು ಹೇಳಲಿಲ್ಲ, ಕಲ್ಲುಮುಳ್ಳು ನೋಡಿ ಹತ್ತು ಎಂದರು. ಅಲ್ಲಿಯೇ ದುಡಿದು ಅಲ್ಲಿಯೇ ಬಾಳುವ ಮಗನು, ತನ್ನ ಗಳಿಕೆಯಲ್ಲಿ, ಕಟ್ಟಿ ಮುಗಿದ ಮನೆಯನ್ನು ಕಣ್ಣಾರೆ ನೋಡಿ ಕೊಂಡರೆ ನಮಗೆ ಸಂತೋಷ. ಆದರೆ ತಂದೆಯ ಮುಪ್ಪಿನ ಗಂಟನ್ನು ಬಿಚ್ಚಿ, ಚಿತ್ರ ನೋಡಿ, ವರ್ಷಕ್ಕೆ 15 ದಿನದ ಸುಖಕ್ಕೆಂದು ಕೊಳ್ಳುವುದು ವಿವೇಕವಲ್ಲ.

ನಮ್ಮ ಸಂಘಕ್ಕೂ ಒಂದು ಸೂಚನೆ. ತಿಂಗಳಿಗೊಂದು ಭಾನುವಾರ ಕಾನೂನು ಬಲ್ಲ ಒಬ್ಬರು ಸಂಘದ ಕಚೇರಿಯಲ್ಲಿ ಕುಳಿತು, ಸದಸ್ಯರು ತಂದ ಇಂಥ ಕಾಗದಪತ್ರಗಳನ್ನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳುವಂತಾಗಲಿ. ಸದಸ್ಯ ಬಂಧುಗಳು ರುಜು ಹಾಕಿದ ಮೇಲೆ ಬರುವುದು ಬೇಡ. ಮೊದಲೇ ಬರಲಿ.