ಅಜ್ಜಿಯ ಹಿಡಿ, ವಿದ್ಯಾರ್ಥಿಯ ತಕ್ಕಡಿ

ಸಂಜೆ ಏಳು ಗಂಟೆ. ಒಲೆಯ ಮೇಲೆ ತೊಗರಿಬೇಳೆ ಬೇಯುತ್ತಿದೆ. ಅದು ಅರೆಬೆಂದ ಮೇಲೆ ದಂಟಿನ ಸೊಪ್ಪು ಬೀಳುತ್ತದೆ. ಎರಡೂ ಬೆಂದಾಗ ಕಟ್ಟನ್ನು ಬಸಿದು, ರುಬ್ಬಿದ ಮಸಾಲೆಯನ್ನೂ ಹುಣಸೆಯ ರಸವನ್ನೂ ಬೆರಸಿ ಕುದಿಸಿದರೆ ಸಾರು. ಉಳಿದ ಬೇಳೆ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಜೊತೆಗೆ ಬಿಸಿಯಾದ ರಾಗಿಮುದ್ದೆ. ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ವಾರದ ನಡುವಣ ರಾತ್ರಿಯ ಊಟವೆಂದರೆ ಈ ಬಸ್ಸಾರೇ. ಇದನ್ನು ಉಣ್ಣಬಲ್ಲ, ಆದರೆ ಮಾಡಲಾರದ ವಿಜ್ಞಾನದ ವಿದ್ಯಾರ್ಥಿಯ ಶಿಕ್ಷಣದಲ್ಲಿ ಒಂದು ಕೊರತೆಯಿದೆಯೆಂದು ನಮ್ಮ ಅಭಿಪ್ರಾಯ.

ಈ ಮಾತಿಗೆ ಕಾರಣವುಂಟು. ಕಾಲೇಜಿನ ಪ್ರಯೋಗಾಲಯದಲ್ಲಿ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವಾಗ ಉತ್ತರವು ೯೮೦ರ ಆಸುಪಾಸಿನಲ್ಲಿರಬೇಕೆಂಬುದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಅವನ ಅಂಕಿಗಳು ಮೆಲ್ಲನೆ ಅತ್ತ ಸರಿಯುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಅಡುಗೆಮನೆಯಲ್ಲಿ ಈ ಆಟ ನಡೆಯದು. ಅಲ್ಲಿಯ ಉತ್ತರ ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ; ತಪ್ಪಿದರೆ ನಾಲಗೆಯೇ ಹೇಳಿಬಿಡುತ್ತದೆ.

ಅಲ್ಲಿ ಕಲಿಯುವುದಕ್ಕೆ ಏನಿದೆ ಎನ್ನುವಿರೇನು? “ಬೇಳೆ ಬೇಯುವ ಮೊದಲು ಹುಳಿ ಹಾಕಬೇಡ” ಎಂದು ಹಿರಿಯರು ಗದರಿಸುತ್ತಾರೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತು ಕರಗಿದಾಗಲೇ ಬೇಳೆ ಮೆತ್ತಗಾಗುವುದು. ಹುಣಸೆಯ ಆಮ್ಲವು ಆ ಕರಗುವಿಕೆಯನ್ನು ತಡಮಾಡುತ್ತದೆ. ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವುದರಲ್ಲಿಯೂ ಅರ್ಥವಿದೆ. ನೀರಿನಲ್ಲಿ ಕರಗುವ ಜೀವಸತ್ವಗಳಲ್ಲಿಯೂ ಲವಣಗಳಲ್ಲಿಯೂ ಒಂದು ಭಾಗ ಬೇಯುವಾಗ ಆ ಕಟ್ಟಿಗೆ ಇಳಿದಿರುತ್ತದೆ. “ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಳವಿಡು” ಎಂಬುದು ಇನ್ನೊಂದು ಕಟ್ಟಳೆ. ೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಕಿಲೋಗ್ರಾಂ ನೀರನ್ನು ೧೦೦ ಡಿಗ್ರಿಗೆ ಏರಿಸಲು ೭೫ ಕಿಲೋಕ್ಯಾಲೊರಿ ಸಾಕು. ಅಷ್ಟೇ ನೀರನ್ನು ಆವಿಯಾಗಿಸಲು ಸುಮಾರು ೫೪೦ ಬೇಕು. ಕುದಿಯುವ ನೀರಿನ ಕೆಳಗೆ ಉರಿಯನ್ನೆಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರದು. ಹೆಚ್ಚಿನ ಶಾಖವೆಲ್ಲ ಗುಪ್ತೋಷ್ಣವಾಗಿ ಆವಿಯೊಡನೆ ಹೊರಟುಹೋಗುತ್ತದೆ. ತರಗತಿಯಲ್ಲಿ ಗುಪ್ತೋಷ್ಣದ ಲಕ್ಷಣವನ್ನು ಒಪ್ಪಿಸಿದವನೇ ಮನೆಯಲ್ಲಿ ಬೇಳೆ ಬೇಗ ಬೇಯಲೆಂದು ಅನಿಲದ ಉರಿಯನ್ನು ಹಿರಿದು ಮಾಡುವುದುಂಟು!

ಮನೆತನದ ಪಾಕದಲ್ಲಿ ಊರಿನ ಎತ್ತರವೂ ಅಡಗಿರುತ್ತದೆ. ತೆರೆದ ಪಾತ್ರೆಯ ನೀರು ಕಡಲತೀರದ ಮಂಗಳೂರಿನಲ್ಲಿ ಸುಮಾರು ೧೦೦ ಡಿಗ್ರಿಯಲ್ಲಿ ಕುದಿದರೆ, ೯೦೦ ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಕರಾವಳಿಯಿಂದ ಬಂದ ಅತ್ತಿಗೆಯ ಬೇಳೆ ಇಲ್ಲಿ ತಡವಾಗಿ ಬೆಂದರೆ ಅದು ಆಕೆಯ ಕೈಯ ತಪ್ಪಲ್ಲ, ವಾಯುಭಾರದ ಮಹಿಮೆ.

ಹೀಗೆಂದು ಹಳೆಯದೆಲ್ಲವೂ ವಿಜ್ಞಾನವೆಂದು ಕೈಮುಗಿಯಬೇಕೆಂದು ನಾವು ಹೇಳುವುದಿಲ್ಲ. ಸೊಪ್ಪಿನ ಹಸಿರು ಮಾಸದಿರಲೆಂದು, ಕಾಳು ಬೇಗ ಬೇಯಲೆಂದು ಚಿಟಿಕೆ ಅಡುಗೆ ಸೋಡ ಹಾಕುವ ರೂಢಿ ಕೆಲವು ಮನೆಗಳಲ್ಲುಂಟು. ಎರಡೂ ಕೈಗೂಡುವುವು, ನಿಜ. ಆದರೆ ಆ ಕ್ಷಾರವು ಥಯಮಿನ್ ಎಂಬ ಜೀವಸತ್ವವನ್ನು ಹಾಳುಮಾಡುತ್ತದೆ. ಹಿರಿಯರ ಮಾತನ್ನು ಪರೀಕ್ಷಿಸಿ, ಸರಿಯಾದುದನ್ನು ಉಳಿಸಿಕೊಂಡು, ತಪ್ಪಿದ್ದನ್ನು ಬಿಡುವುದೇ ಅದಕ್ಕೆ ಸಲ್ಲಿಸುವ ನಿಜವಾದ ಗೌರವ.

ಆದರೆ ಪರೀಕ್ಷಿಸುವುದಕ್ಕೆ ಮೊದಲು ಅದು ನಮ್ಮ ಬಳಿ ಉಳಿದಿರಬೇಕಲ್ಲವೆ? ನಮ್ಮ ಅಜ್ಜಿಯವರ ಬಸ್ಸಾರಿನ ಕ್ರಮ ನಮಗೆ ಇಂದಿಗೂ ಬಾಯಿಪಾಠ: ಎರಡು ಹಿಡಿ ಬೇಳೆ, ಒಂದು ಹಿಡಿ ಕಾಯಿತುರಿ, ನೆಲ್ಲಿಕಾಯಿ ಗಾತ್ರದ ಹುಣಸೆ. ಅವರು ತೀರಿಕೊಂಡ ಮೇಲೆ ಹಾಗೆಯೇ ಮಾಡಿ ನೋಡಿದೆವು. ಸಾರು ಅವರದಾಗಲಿಲ್ಲ. ಹಿಡಿ ನಮ್ಮದಾಗಿತ್ತು, ಅಳತೆಯೇ ಅವರೊಡನೆ ಹೊರಟುಹೋಗಿತ್ತು. ಪ್ರಯೋಗಾಲಯದಲ್ಲಿ ಮಿಲಿಗ್ರಾಮಿನವರೆಗೆ ತೂಗಲು ಕಲಿತಿದ್ದ ನಾವು, ಆ ಕೈ ಇದ್ದಷ್ಟು ಕಾಲವೂ ಒಂದು ದಿನವೂ ಅದರ ಕೆಳಗೆ ತಕ್ಕಡಿಯನ್ನು ಹಿಡಿಯಲಿಲ್ಲ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ವಾರದಲ್ಲಿ ಒಂದು ರಾತ್ರಿಯ ಅಡುಗೆಯನ್ನು ಮನೆಯ ಹಿರಿಯರ ಜೊತೆಯಲ್ಲಿ ನಿಂತು ನೀವೇ ಮಾಡಿರಿ. ಅವರ ಹಿಡಿಯ ಬೇಳೆ ಪಾತ್ರೆಗೆ ಬೀಳುವ ಮೊದಲು ತಕ್ಕಡಿಗೆ ಬೀಳಲಿ. ಮೂರು ಸಲ ತೂಗಿ ಸರಾಸರಿಯನ್ನು ತೆಗೆಯಿರಿ. ಮೂರು ತೂಕಗಳು ಎಷ್ಟು ಕಡಮೆ ಅಂತರದಲ್ಲಿವೆಯೆಂದು ಕಂಡರೆ “ಅಂದಾಜು” ಎಂಬ ಮಾತನ್ನು ಹಗುರವಾಗಿ ಆಡಲಾರಿರಿ. ನೀರಿನ ಅಳತೆ, ಬೆಂದ ವೇಳೆ, ಪಾತ್ರೆಯ ಬಗೆ, ಊರಿನ ಹೆಸರು ಎಲ್ಲವನ್ನೂ ಬರೆದಿಡಿ. ಅಡುಗೆ ಹೆಂಗಸರ ಕೆಲಸವೆಂದು ಯಾರಾದರೂ ನಕ್ಕರೆ, ಗುಪ್ತೋಷ್ಣಕ್ಕೆ ಗಂಡು ಹೆಣ್ಣೆಂಬ ಭೇದ ತಿಳಿಯದೆಂದು ಉತ್ತರಿಸಿರಿ. ತೂಗುವ ಗಡಿಬಿಡಿಯಲ್ಲಿ ಊಟ ಅರ್ಧ ಗಂಟೆ ತಡವಾದರೆ ಆಗಲಿ. ಆ ಕೈ ಇರುವಾಗಲೇ ತೂಗಿರಿ.