ಗ್ರೀನ್ ಕಾರ್ಡಿನ ಸರದಿ ಮತ್ತು ಮನೆಯ ಬಾಳು

ಶಿವಮೊಗ್ಗ ಮತ್ತು ಭದ್ರಾವತಿಯ ಭಕ್ತರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹಿರಿಯರ ಬಾಯಿಂದ ಪದೇ ಪದೇ ಕೇಳಿಬರುವ ಮಾತೊಂದಿದೆ: "ಮಗನಿಗೆ ಗ್ರೀನ್ ಕಾರ್ಡ್ ಆಗಲಿ, ಆಮೇಲೆ ನೋಡೋಣ." ಮಗನ ಮದುವೆ, ಹಳೆಯ ಮನೆಯ ದುರಸ್ತಿ, ತೋಟದ ಪಾಲು, ತಂದೆಯ ಶಸ್ತ್ರಚಿಕಿತ್ಸೆ ಎಲ್ಲವೂ ಆ ಒಂದು ಕಾರ್ಡಿಗಾಗಿ ಕಾದು ಕುಳಿತಿವೆ. ಮಗನು ಅಮೆರಿಕದಲ್ಲಿ ಹತ್ತು ಹದಿನೈದು ವರ್ಷಗಳಿಂದ ದುಡಿಯುತ್ತಿದ್ದಾನೆ, ತೆರಿಗೆ ಕಟ್ಟುತ್ತಿದ್ದಾನೆ, ಅಲ್ಲಿ ಮನೆಯನ್ನೂ ಕೊಂಡಿದ್ದಾನೆ. ಆದರೂ ಆ ದೇಶದ ಕಾನೂನಿನ ದೃಷ್ಟಿಯಲ್ಲಿ ಅವನಿನ್ನೂ ತಾತ್ಕಾಲಿಕ ವಾಸಿ. ಇದರ ಒಳಮರ್ಮವನ್ನು ತಿಳಿಯದೆ ಕೆಲವರು ಮಗನನ್ನು ಅನುಮಾನಿಸುತ್ತಾರೆ, ಕೆಲವರು ವಿಧಿಯನ್ನು ಹಳಿಯುತ್ತಾರೆ. ಆದಕಾರಣ ಈ ತಿಂಗಳು ಈ ವಿಷಯವನ್ನೇ ಕುರಿತು ಎರಡು ಮಾತು ಬರೆಯಬೇಕೆಂದು ನಮಗೆ ತೋರಿತು.

ವಲಸೆಯೆಂಬುದು ನಮ್ಮ ಸೀಮೆಗೆ ಹೊಸದಲ್ಲ. ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಾಗ, ತಮಿಳು, ತೆಲುಗು, ಮಲಯಾಳ ನುಡಿಯವರು ಕೆಲಸವನ್ನರಸಿ ಬಂದು ಇಲ್ಲಿಯವರೇ ಆಗಿಹೋದರು. ಇಂದು ಭಾರತದ ಪ್ರಜೆಯಾದವನು ದೇಶದ ಯಾವ ಭಾಗದಲ್ಲಿಯಾದರೂ ವಾಸಿಸಿ ನೆಲೆಸಬಹುದೆಂದು ನಮ್ಮ ಸಂವಿಧಾನದ 19ನೆಯ ವಿಧಿಯೇ ಹೇಳುತ್ತದೆ. ಸ್ವದೇಶದೊಳಗೆ ಹಕ್ಕಾಗಿರುವ ಇದೇ ಸಂಗತಿ ಪರದೇಶದಲ್ಲಿ ಅನುಗ್ರಹವಾಗುತ್ತದೆ. ಅನುಗ್ರಹಕ್ಕೆ ಅರ್ಜಿ ಬೇಕು, ಅರ್ಜಿಗೆ ಸರದಿ ಬೇಕು. ಈ ಭೇದವನ್ನು ಹಿರಿಯರು ಮೊದಲು ಮನಗಾಣಬೇಕು.

ಅಮೆರಿಕದ ಬಾಗಿಲು ಭಾರತೀಯರಿಗೆ ಸುಲಭವಾಗಿ ತೆರೆದುದಲ್ಲ. 1917ರ ಕಾಯಿದೆಯು ಭಾರತೀಯರ ವಲಸೆಯನ್ನು ತಡೆಯಿತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. 1946ರ ಕಾಯಿದೆಯು ಪೌರತ್ವಕ್ಕೆ ಅವಕಾಶ ಕೊಟ್ಟಿತಾದರೂ ವರ್ಷಕ್ಕೆ ಕೇವಲ 100 ಭಾರತೀಯರಿಗೆ ಪ್ರವೇಶವಿತ್ತು. 1965ರ ಕಾಯಿದೆ ಜನಾಂಗಮೂಲದ ಹಳೆಯ ಕೋಟಾ ಪದ್ಧತಿಯನ್ನು ಕಿತ್ತುಹಾಕಿತು. ಆ ಬಳಿಕವೇ ನಮ್ಮ ವೈದ್ಯರೂ ಎಂಜಿನಿಯರುಗಳೂ ಹೆಚ್ಚಿನ ಸಂಖ್ಯೆಯಲ್ಲಿ ಅತ್ತ ಸಾಗಿದುದು.

ಅಲ್ಲಿ ಕಾಯಂ ವಾಸದ ಹಕ್ಕನ್ನು ಪಡೆಯಲು ಎರಡು ದಾರಿಗಳಿವೆ. ಹೊರದೇಶದಲ್ಲಿದ್ದುಕೊಂಡು ಅಮೆರಿಕದ ದೂತಾವಾಸದ ಮೂಲಕ ಪಡೆಯುವುದು ಒಂದು. ಈಗಾಗಲೇ ನ್ಯಾಯಬದ್ಧವಾಗಿ ಆ ದೇಶದೊಳಗೆ ಇರುವವನು ಅಲ್ಲಿಂದಲೇ ಅರ್ಜಿ ಸಲ್ಲಿಸಿ ತಾತ್ಕಾಲಿಕ ವಾಸಿಯಿಂದ ಕಾಯಂ ವಾಸಿಯಾಗುವುದು ಇನ್ನೊಂದು. ಈ ಎರಡನೆಯ ದಾರಿಯು 1952ರ ವಲಸೆ ಮತ್ತು ರಾಷ್ಟ್ರೀಯತಾ ಕಾಯಿದೆಯ 245ನೆಯ ಪ್ರಕರಣದಲ್ಲಿದೆ. ನಮ್ಮ ಭಾಗದ ಎಂಜಿನಿಯರುಗಳು ಬಹುತೇಕ ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ ಹೋಗಿ, ಕೆಲವು ವರ್ಷ ದುಡಿದು, ಈ ದಾರಿಯನ್ನೇ ಹಿಡಿಯುತ್ತಾರೆ.

ಈ ದಾರಿಯಲ್ಲಿ ಮೂರು ಮೆಟ್ಟಿಲುಗಳು. ಈ ಕೆಲಸಕ್ಕೆ ಅರ್ಹನಾದ ಸ್ಥಳೀಯನು ದೊರೆಯಲಿಲ್ಲವೆಂದು ಉದ್ಯೋಗದಾತನು ಕಾರ್ಮಿಕ ಇಲಾಖೆಗೆ ತೋರಿಸಿಕೊಡುವುದು ಮೊದಲನೆಯದು. ಆ ಅರ್ಜಿ ಸಲ್ಲಿಸಿದ ದಿನವೇ ಅವನ ಸರದಿಯ ದಿನಾಂಕವಾಗುತ್ತದೆ. ಈ ವ್ಯಕ್ತಿ ನಮಗೆ ಬೇಕೆಂದು ಉದ್ಯೋಗದಾತನು ವಲಸೆ ಇಲಾಖೆಗೆ ಮನವಿ ಸಲ್ಲಿಸುವುದು ಎರಡನೆಯದು. ಇದಕ್ಕೆ ಐ-140 ಎಂದು ಹೆಸರು. ಸರದಿ ಬಂದಾಗ ಆ ವ್ಯಕ್ತಿಯೇ ತನ್ನ ಹೆಸರಿನಲ್ಲಿ ಐ-485 ಎಂಬ ಅರ್ಜಿ ಸಲ್ಲಿಸುವುದು ಮೂರನೆಯದು. ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಕೆಲವೊಮ್ಮೆ ಸಂದರ್ಶನ ಇವೆಲ್ಲ ಕೊನೆಯ ಮೆಟ್ಟಿಲಿನಲ್ಲಿ ನಡೆಯುತ್ತವೆ.

ಮೊದಲೆರಡು ಮೆಟ್ಟಿಲುಗಳನ್ನು ಏರುವುದು ಅಷ್ಟು ಕಷ್ಟವಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇರುವ ಅಂತರವೇ ನಮ್ಮವರ ಆಯುಷ್ಯವನ್ನು ನುಂಗುತ್ತಿರುವುದು. 1990ರ ಕಾಯಿದೆಯಂತೆ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಮಂದಿಗೆ ಮಾತ್ರ ಕಾಯಂ ವಾಸ ದೊರೆಯುತ್ತದೆ. ಹೆಂಡತಿ ಮಕ್ಕಳೂ ಈ ಲೆಕ್ಕದೊಳಗೇ ಸೇರುತ್ತಾರೆ. ಯಾವೊಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಿಗುವಂತಿಲ್ಲ. ಭಾರತದಂಥ ಹಿರಿಯ ದೇಶಕ್ಕೂ ಪುಟ್ಟ ದ್ವೀಪರಾಷ್ಟ್ರಕ್ಕೂ ಅದೇ ಮಿತಿ. ಇದರ ಫಲವೇನೆಂದರೆ, ಉನ್ನತ ಪದವೀಧರರ ವರ್ಗದಲ್ಲಿ ಭಾರತದಲ್ಲಿ ಹುಟ್ಟಿದವರ ಸರದಿಯು 2025ರ ಜುಲೈನಲ್ಲಿ 2013ರ ಜನವರಿ 1ರಲ್ಲಿಯೇ ನಿಂತಿತ್ತು. ಹನ್ನೆರಡು ವರ್ಷಗಳ ಹಿಂದೆ ಸಾಲಿನಲ್ಲಿ ನಿಂತವನಿಗೆ ಆಗ ಬಾಗಿಲು ಕಾಣಿಸುತ್ತಿತ್ತು. ಇದು ಮಗನ ಆಲಸ್ಯವಲ್ಲ, ಅವನ ಯೋಗ್ಯತೆಯ ಕೊರತೆಯೂ ಅಲ್ಲ. ನೆರೆಮನೆಯ ಹುಡುಗನಿಗೆ ಬೇಗ ಆಯಿತೆಂದು ಹೋಲಿಸಿ ಅವನನ್ನು ನೋಯಿಸುವುದು ಸಲ್ಲದು. ಆ ಹುಡುಗನ ವರ್ಗ ಬೇರೆಯಿರಬಹುದು, ಅಥವಾ ಅವನ ಪತ್ನಿ ಬೇರೆ ದೇಶದಲ್ಲಿ ಹುಟ್ಟಿದವಳಾಗಿದ್ದು ಆ ದೇಶದ ಲೆಕ್ಕದಲ್ಲಿ ಅವನಿಗೆ ಸಿಕ್ಕಿರಬಹುದು.

ಎಚ್-1ಬಿ ವೀಸಾದ ಅವಧಿ ಸಾಮಾನ್ಯವಾಗಿ 6 ವರ್ಷ. ಸರದಿಯಲ್ಲಿ ನಿಂತವರು ಅದಕ್ಕೂ ಮೀರಿ ಅವಧಿಯನ್ನು ವಿಸ್ತರಿಸಿಕೊಂಡು ದುಡಿಯಲು 2000ದ ಕಾಯಿದೆಯೊಂದು ಅನುವು ಮಾಡಿಕೊಟ್ಟಿದೆ. ಐ-140 ಮಂಜೂರಾದವರ ಪತ್ನಿಯರು ಉದ್ಯೋಗದ ಅನುಮತಿ ಪಡೆಯುವ ಅವಕಾಶ 2015ರ ಮೇ ತಿಂಗಳಿನಿಂದ ಬಂದಿದೆ. ಹೀಗಾಗಿ ಕಾಯುವವರು ಬಾಳನ್ನು ನಡೆಸಲಾರದವರಲ್ಲ; ಆದರೆ ಕೆಲಸ ಕಳೆದುಕೊಂಡರೆ ಉಳಿಯುವ ಅವಧಿ ಅಲ್ಪವೆಂಬ ಅಳುಕು ಸದಾ ಅವರೊಡನಿರುತ್ತದೆ.

ಇನ್ನು ಮನೆಯ ವಿಚಾರಕ್ಕೆ ಬರೋಣ. "ಗ್ರೀನ್ ಕಾರ್ಡ್ ಆದ ಮೇಲೆ ಮದುವೆ" ಎಂಬ ಮಾತು ಎಷ್ಟೋ ಮನೆಗಳಲ್ಲಿ ನಿಯಮವೇ ಆಗಿದೆ. ಕಾನೂನಿನ ದೃಷ್ಟಿಯಿಂದ ಇದು ತಲೆಕೆಳಗಾದ ಲೆಕ್ಕ. ಮಗನ ಅರ್ಜಿ ಮಂಜೂರಾಗುವ ಮುನ್ನ ಮದುವೆಯಾದರೆ ಸೊಸೆಯು ಅವನ ಸರದಿಯ ದಿನಾಂಕಕ್ಕೇ ಬಾಧ್ಯಳಾಗುತ್ತಾಳೆ. ಅವನೊಡನೆಯೇ ಅಥವಾ ಅವನ ಹಿಂದೆಯೇ ಕಾಯಂ ವಾಸವನ್ನು ಪಡೆಯಬಲ್ಲಳು. ಮಂಜೂರಾದ ಮರುದಿನ ಮದುವೆಯಾದರೂ ಅವಳು ಕಾಯಂ ವಾಸಿಯ ಪತ್ನಿಯೆಂಬ ಬೇರೊಂದು ಸಾಲಿನ ಕೊನೆಯಲ್ಲಿ ನಿಲ್ಲಬೇಕು, ಅದಕ್ಕೂ ವಾರ್ಷಿಕ ಮಿತಿಯುಂಟು. ಗಂಡನು ಎಚ್-1ಬಿ ಸ್ಥಿತಿಯಿಂದ ಹೊರಬಂದಿರುವುದರಿಂದ ಅವನ ಅವಲಂಬಿತಳಾಗಿ ಎಚ್-4 ವೀಸಾ ಪಡೆಯುವ ದಾರಿಯೂ ಮುಚ್ಚಿರುತ್ತದೆ. ಗಂಡ ಅಲ್ಲಿ, ಹೆಂಡತಿ ಶಿವಮೊಗ್ಗದಲ್ಲಿ, ನಡುವೆ ವರ್ಷಗಳು ಹೀಗೆ ಉರುಳುತ್ತವೆ. ಕಾರ್ಡಿಗಾಗಿ ಮದುವೆಯನ್ನು ಮುಂದೂಡಿದವರು ಕಾರ್ಡು ಬಂದ ಮೇಲೆ ಮದುವೆಯ ಫಲವನ್ನೇ ಮುಂದೂಡಬೇಕಾಗುತ್ತದೆ. ಹಾಗೆಂದು ಕಾರ್ಡಿನ ಆತುರಕ್ಕೆ ಒಲ್ಲದ ಸಂಬಂಧವನ್ನು ಕಟ್ಟುವುದೂ ಧರ್ಮವಲ್ಲ. ಒಪ್ಪಿಗೆಯಾದ ಸಂಬಂಧವನ್ನು ಕಾರ್ಡಿನ ನೆಪದಿಂದ ತಡೆಯಬಾರದೆಂಬುದೇ ನಮ್ಮ ಅಭಿಪ್ರಾಯ.

ಮಕ್ಕಳ ವಿಷಯವೂ ಚಿಂತಿಸತಕ್ಕದ್ದು. ಎಳೆಯ ವಯಸ್ಸಿನಲ್ಲಿ ತಂದೆತಾಯಿಗಳ ಜೊತೆ ಹೋದ ಮಗು, ಸರದಿ ಬರುವ ಮೊದಲು 21 ವರ್ಷ ತುಂಬಿದರೆ, ತಂದೆಯ ಅರ್ಜಿಯ ನೆರಳಿನಿಂದ ಹೊರಬೀಳುತ್ತದೆ. 2002ರ ಕಾಯಿದೆಯೊಂದು ಐ-140 ಮನವಿಯು ಇಲಾಖೆಯ ಮುಂದೆ ಬಾಕಿಯಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯಲು ಅವಕಾಶ ಕೊಟ್ಟಿದೆ. ಆದರೆ ಸರದಿಯಲ್ಲಿ ಕಾದ ವರ್ಷಗಳನ್ನು ಕಳೆಯುವುದಿಲ್ಲ. ಮೊಮ್ಮಗನು ಹದಿನಾರು ಹದಿನೇಳರ ವಯಸ್ಸಿನವನಾಗಿದ್ದರೆ ಅವನ ತಂದೆತಾಯಿಗಳು ವಕೀಲರನ್ನು ಕಾಣಲು ಈಗಲೇ ಸಕಾಲ.

ಹಿರಿಯರ ಮನಸ್ಸನ್ನು ಅತ್ಯಂತ ನೋಯಿಸುವ ಸಂಗತಿ ಇನ್ನೊಂದಿದೆ. ತಂದೆ ಲಿಂಗೈಕ್ಯರಾದಾಗ ಮಗ ಮಣ್ಣು ಹಾಕಲು ಬರಲಿಲ್ಲ, ಶಿವಗಣಾರಾಧನೆಗೂ ಬರಲಿಲ್ಲವೆಂದು ಬಂಧುಗಳು ಆಡಿಕೊಳ್ಳುತ್ತಾರೆ. ಐ-485 ಅರ್ಜಿ ಸಲ್ಲಿಸಿ ತೀರ್ಮಾನವಾಗುವ ಮುನ್ನ, ಪ್ರಯಾಣದ ಪೂರ್ವಾನುಮತಿ ಪತ್ರವಿಲ್ಲದೆ ದೇಶ ಬಿಟ್ಟರೆ, ಅರ್ಜಿಯನ್ನೇ ಕೈಬಿಟ್ಟಂತೆ ಎಂಬುದು ಸಾಮಾನ್ಯ ನಿಯಮ. ಎಚ್-1ಬಿ ಅಥವಾ ಎಲ್-1 ಸ್ಥಿತಿಯನ್ನು ಉಳಿಸಿಕೊಂಡು ಸಿಂಧುವಾದ ವೀಸಾದೊಂದಿಗೆ ಮರಳುವವರಿಗೆ ವಿನಾಯಿತಿಯುಂಟು. ಆದರೆ ಪಾಸ್‌ಪೋರ್ಟಿನಲ್ಲಿಯ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಇಲ್ಲಿಯ ದೂತಾವಾಸದಲ್ಲಿ ಮತ್ತೆ ಸಂದರ್ಶನವಾಗಬೇಕು. 2025ರ ಡಿಸೆಂಬರಿನಲ್ಲಿ ಈ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದಾಗ, ರಜೆಗೆ ಬಂದ ಅನೇಕರು ಇಲ್ಲಿಯೇ ಸಿಕ್ಕಿಬಿದ್ದರು. ಇದನ್ನು ಅರಿತವರು ಬಾರದ ಮಗನನ್ನು ಹಳಿಯುವ ಮುನ್ನ ಒಂದು ಕ್ಷಣ ತಡೆಯುತ್ತಾರೆ.

ಆದರೂ ಎಲ್ಲ ಭಯವೂ ನಿಜವಾದ ತಡೆಯಲ್ಲ. ಪೂರ್ವಾನುಮತಿ ಪತ್ರವನ್ನು ಐ-485 ಅರ್ಜಿಯ ಜೊತೆಯಲ್ಲಿಯೇ ಕೇಳಬಹುದು. ತುರ್ತು ಸಂದರ್ಭದಲ್ಲಿ ಆಸ್ಪತ್ರೆಯ ಪತ್ರವನ್ನು ತೋರಿಸಿ ಬೇಗ ಕೊಡಿರೆಂದು ಬೇಡಲೂಬಹುದು. ಆದುದರಿಂದ ಮಕ್ಕಳಲ್ಲಿ ನಮ್ಮ ವಿನಂತಿ: ಅಗತ್ಯ ಬೀಳುವ ಮೊದಲೇ ಆ ಪತ್ರವನ್ನು ಪಡೆದು, ಅವಧಿ ಮುಗಿಯದಂತೆ ನೋಡಿಕೊಳ್ಳಿರಿ. ಹಿರಿಯರಲ್ಲಿಯೂ ವಿನಂತಿಯುಂಟು: ಮಗನಿಗೆ ಚಿಂತೆಯಾಗುವುದೆಂದು ಕಾಯಿಲೆಯನ್ನು ಮುಚ್ಚಿಡಬೇಡಿರಿ. ಮೊದಲೇ ತಿಳಿದರೆ ಅವನು ದಾರಿ ಹುಡುಕಬಲ್ಲ. ಕೊನೆಯ ಗಳಿಗೆಯಲ್ಲಿ ತಿಳಿದರೆ ಫೋನಿನಲ್ಲಿ ಅಳುವುದಷ್ಟೇ ಅವನ ಪಾಲಿಗೆ ಉಳಿಯುತ್ತದೆ.

ಈ ಅರ್ಜಿಯಲ್ಲಿ ಊರಿನಲ್ಲಿರುವ ತಂದೆತಾಯಿಗಳು ಮಾಡಬಹುದಾದ ಕಾರ್ಯವೂ ಬಹಳಷ್ಟಿದೆ. ಮಗನ, ಸೊಸೆಯ, ಮೊಮ್ಮಕ್ಕಳ ಜನನ ಪ್ರಮಾಣಪತ್ರಗಳು ಬೇಕಾಗುತ್ತವೆ. ಹಳ್ಳಿಯ ಮನೆಯಲ್ಲಿ ಹೆರಿಗೆಯಾಗಿ ನೋಂದಣಿಯೇ ಆಗದವರು, ನೋಂದಣಿಯಾದರೂ ಮಗುವಿನ ಹೆಸರು ಸೇರದವರು ನಮ್ಮಲ್ಲಿ ಅನೇಕರು. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು 2023ರ ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಗಳ ಆದೇಶ ಬೇಕು. ದಾಖಲೆಯೇ ಇಲ್ಲದಿದ್ದರೆ, ಇಲ್ಲವೆಂಬ ಪತ್ರವನ್ನು ನೋಂದಣಾಧಿಕಾರಿಗಳಿಂದ ಪಡೆದು, ಹುಟ್ಟನ್ನು ಬಲ್ಲ ಹಿರಿಯರ ಪ್ರಮಾಣಪತ್ರಗಳನ್ನು ಜೊತೆಗಿಡುತ್ತಾರೆ. ಸಾಕ್ಷಿ ಹೇಳಬಲ್ಲ ಸೋದರಮಾವ, ದೊಡ್ಡಮ್ಮ ಬದುಕಿರುವಾಗಲೇ ಇದನ್ನು ಮಾಡಿಸಿಡುವುದು ವಿವೇಕ.

ಹೆಸರಿನ ತೊಡಕೂ ಸಣ್ಣದಲ್ಲ. ಊರಿನ ಹೆಸರು, ತಂದೆಯ ಹೆಸರುಗಳನ್ನು ಒಂದೊಂದಕ್ಷರವಾಗಿ ಮುಂದಿಟ್ಟುಕೊಳ್ಳುವುದು ನಮ್ಮ ರೂಢಿ; ಅಲ್ಲಿಯವರಿಗೆ ಕುಟುಂಬದ ಹೆಸರೊಂದು ಬೇಕೇ ಬೇಕು. ಶಾಲೆಯ ದಾಖಲೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಪ್ರಶ್ನೆಗಳು ಏಳುತ್ತವೆ. 2014ರ ನವೆಂಬರ್ 1ಕ್ಕೆ ಮುಂಚಿನ ಇಂಗ್ಲಿಷ್ ಕಾಗದಗಳಲ್ಲಿ ನಮ್ಮ ಊರು 'ಶಿಮೊಗ' ಎಂದೂ, ಆ ಬಳಿಕ 'ಶಿವಮೊಗ್ಗ' ಎಂದೂ ಇರುವುದನ್ನು ವಕೀಲರಿಗೆ ಮೊದಲೇ ತಿಳಿಸಬೇಕು. ಮದುವೆಯ ನೋಂದಣಿಯನ್ನಂತೂ ಮರೆಯಲಾಗದು. 1955ರ ಹಿಂದೂ ವಿವಾಹ ಕಾಯಿದೆಯ 2ನೆಯ ಪ್ರಕರಣವು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿದೆ. ಮಠದಲ್ಲಿ ನಡೆದ ಮದುವೆಯಾಗಲಿ, ಕಲ್ಯಾಣಮಂಟಪದಲ್ಲಿ ನಡೆದುದಾಗಲಿ, ಲಗ್ನಪತ್ರಿಕೆ ಮತ್ತು ಭಾವಚಿತ್ರಗಳೊಂದಿಗೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ನೋಂದಾಯಿಸಿಬಿಡಬೇಕು.

ಹಿರಿಯರು ಇಟ್ಟುಕೊಂಡ ಕೆಲವು ನಿರೀಕ್ಷೆಗಳನ್ನೂ ಇಲ್ಲಿ ತಿದ್ದಬೇಕಾಗಿದೆ. ಮಗನಿಗೆ ಕಾರ್ಡ್ ಬಂದೊಡನೆ ತಂದೆತಾಯಿಗಳನ್ನು ಕರೆಸಿಕೊಳ್ಳಬಲ್ಲನೆಂಬುದು ನಿಜವಲ್ಲ. ಕಾಯಂ ವಾಸಿಗೆ ಆ ಹಕ್ಕಿಲ್ಲ. 21 ವರ್ಷ ತುಂಬಿದ ಪೌರನಿಗೆ ಮಾತ್ರ ಇದೆ. ಪೌರನಾಗಲು ಕಾರ್ಡ್ ಬಂದ ಮೇಲೆ ಸಾಮಾನ್ಯವಾಗಿ ಇನ್ನೂ 5 ವರ್ಷ ಬೇಕು. ಹಾಗೆ ಬಂದ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಭದ್ರಾವತಿಯಲ್ಲಿ ಕುಳಿತರೆ ಅದು ಉಳಿಯುವುದಿಲ್ಲ. ಅದು ಅಲ್ಲಿಯೇ ವಾಸಿಸುವವರಿಗಾಗಿ ಇರುವುದು. ಊರು, ಮಠ, ತೋಟಗಳನ್ನು ಬಿಟ್ಟು ಎಪ್ಪತ್ತರ ವಯಸ್ಸಿನಲ್ಲಿ ಅಲ್ಲಿ ನೆಲೆಸಬೇಕೆ ಎಂಬುದನ್ನು ಗಂಡ ಹೆಂಡಿರು ಶಾಂತವಾಗಿ ಕುಳಿತು ತೀರ್ಮಾನಿಸಬೇಕು. ಕಾರ್ಡ್ ಬಂದರೆ ಮಗ ಭಾರತದ ಪೌರತ್ವ ಕಳೆದುಕೊಳ್ಳುವನೆಂಬ ಭಯವೂ ಸಲ್ಲದು. ಪೌರತ್ವ ಹೋಗುವುದು ಬೇರೆ ದೇಶದ ಪೌರನಾದಾಗ ಮಾತ್ರ. ಅನಿವಾಸಿಯಾಗಿರುವಾಗ ಹೊಸದಾಗಿ ಕೃಷಿಭೂಮಿಯನ್ನು ಕೊಳ್ಳಲು ಅವನಿಗೆ ಅವಕಾಶವಿಲ್ಲ. ಪಿತ್ರಾರ್ಜಿತವಾಗಿ ಬರುವ ಅಡಿಕೆ ತೋಟಕ್ಕೆ ಅಡ್ಡಿಯಿಲ್ಲ. ಹಣ ಕೊಟ್ಟರೆ ಲಾಟರಿಯಿಂದ ಕಾರ್ಡ್ ಕೊಡಿಸುವೆವೆಂದು ಹೇಳುವ ದಲ್ಲಾಳಿಗಳನ್ನು ನಂಬಬೇಡಿರಿ. ಭಾರತದಲ್ಲಿ ಹುಟ್ಟಿದವರು ಆ ಲಾಟರಿಗೆ ಅರ್ಹರೇ ಅಲ್ಲ.

ಬಳ್ಳಿಗಾವೆಯ ಅಲ್ಲಮರು, ಉಡುತಡಿಯ ಅಕ್ಕಮಹಾದೇವಿ ನಮ್ಮ ಜಿಲ್ಲೆಯಿಂದಲೇ ಕಲ್ಯಾಣಕ್ಕೆ ನಡೆದವರು. ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿ ಬಾಳಿದರೆಂದು ಪರಂಪರೆಯು ಮೋಳಿಗೆಯ ಮಾರಯ್ಯನವರನ್ನು ಸ್ಮರಿಸುತ್ತದೆ. ಕಲ್ಯಾಣದಲ್ಲಿ ಅವರನ್ನು ಆ ಊರಿನವರನ್ನಾಗಿಸಿದುದು ಅವರ ಕಾಯಕ ಮತ್ತು ದಾಸೋಹ. ಪರದೇಶದಲ್ಲಿರುವ ನಮ್ಮ ಮಕ್ಕಳಿಗೂ ಕಾಯಕವುಂಟು, ಲಿಂಗಪೂಜೆಯುಂಟು, ನೆರೆಹೊರೆಯುಂಟು. ಕಾರ್ಡ್ ಬರುವವರೆಗೆ ಅವರು ಬದುಕದೆ ಇರಬೇಕಾದುದೇನೂ ಇಲ್ಲ. ಕಾಯುವುದೇ ಕಾಯಕವಾಗಬಾರದು.

ಸರದಿಯನ್ನು ಮುಂದೆ ಸರಿಸುವುದು ನಮ್ಮ ಕೈಯಲ್ಲಿಲ್ಲ. ಕಾಗದಗಳನ್ನು ಅಣಿಮಾಡುವುದು, ಮದುವೆಯನ್ನು ಸಕಾಲದಲ್ಲಿ ನಡೆಸುವುದು, ಕಾಯಿಲೆಯನ್ನು ಮುಚ್ಚಿಡದಿರುವುದು ನಮ್ಮ ಕೈಯಲ್ಲಿವೆ. ವಲಸೆಯ ನಿಯಮಗಳು ಆಗಾಗ ಬದಲಾಗುವುದರಿಂದ, ಯಾವುದೇ ಹೆಜ್ಜೆ ಇಡುವ ಮುನ್ನ ಮಕ್ಕಳು ಬಲ್ಲ ವಕೀಲರನ್ನು ಕೇಳಲಿ. ಈ ವಾರ ಮಗ ಫೋನ್ ಮಾಡಿದಾಗ "ಕಾರ್ಡ್ ಯಾವಾಗ?" ಎಂದು ಕೇಳುವ ಬದಲು "ಇಲ್ಲಿಂದ ಯಾವ ಕಾಗದ ಬೇಕು, ಅಪ್ಪಾ?" ಎಂದು ಕೇಳಿರಿ. ಅವನ ಭಾರ ಅಷ್ಟರಮಟ್ಟಿಗೆ ಇಳಿಯುತ್ತದೆ.