ಪದದ ಬಳಿಯೇ ಅರ್ಥವಿರಲಿ

ಕಳೆದ ಬೇಸಗೆಯ ರಜೆಯಲ್ಲಿ ಗುಬ್ಬಿಯ ಬಳಿಯ ನಮ್ಮ ಊರಿಗೆ ಹೋಗಿದ್ದಾಗ, ತಂದೆಯವರು ನಾಲ್ಕಾಗಿ ಮಡಿಸಿಟ್ಟಿದ್ದ ಪಹಣಿಯೊಂದನ್ನು ನನ್ನ ಮುಂದಿಟ್ಟು, “ಬಿ.ಎ. ಓದುತ್ತೀಯಲ್ಲ, ಇದನ್ನು ಓದಿ ಹೇಳು” ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಇಂಥ ಪರೀಕ್ಷೆಗಳು ನನಗೆ ಆಗಾಗ್ಗೆ ಒದಗುತ್ತವೆ. ಒಟ್ಟು 2 ಎಕರೆ 10 ಗುಂಟೆ. ಅದರಲ್ಲಿ ‘ಬ’ ಖರಾಬು 4 ಗುಂಟೆ ಎಂದಿತ್ತು. ಓದಲು ಬಂದಿತೇ ಹೊರತು ಹೇಳಲು ಬರಲಿಲ್ಲ.

ಖರಾಬೆಂದರೆ ಕೆಟ್ಟದ್ದು ಎಂದೇ ಅಲ್ಲವೆ ನಮ್ಮ ಕಡೆಯ ಮಾತು? ಆ ನಾಲ್ಕು ಗುಂಟೆ ಸಾರವಿಲ್ಲದ ನೆಲವೆಂದು ಯಾರೋ ಬರೆದುಬಿಟ್ಟಿದ್ದಾರೆಂದು ತಂದೆಯವರ ನಂಬಿಕೆ. ಕುಣಿಗಲಿನ ಸೋದರಮಾವನವರೂ ಹಾಗೆಯೇ ತಿಳಿದಿದ್ದರು. ಹಣ ಕೊಟ್ಟರೆ ಅದನ್ನು ಒಳ್ಳೆಯ ನೆಲವೆಂದು ತಿದ್ದಿಸಿಕೊಡುವುದಾಗಿ ಮಧ್ಯವರ್ತಿಯೊಬ್ಬನು ಹೇಳಿ ಹೋಗಿದ್ದನು. ಅದಕ್ಕಾಗಿ ಹಸುವೊಂದನ್ನು ಮಾರುವ ಯೋಚನೆಯೂ ಮನೆಯಲ್ಲಿ ನಡೆದಿತ್ತು.

ಆ ರಾತ್ರಿ ಫೋನಿನಲ್ಲಿ ಹುಡುಕಿದೆನು. ಖರಾಬು ಎಂಬ ಪದವಿದ್ದ ಜಾಲಪುಟಗಳು ಹಲವು ದೊರೆತವು. ಪದದ ಅರ್ಥವಿದ್ದ ಪುಟ ಬಹಳ ಹೊತ್ತು ದೊರೆಯಲಿಲ್ಲ. ಕೊನೆಗೆ 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ವಿವರಣೆ ಸಿಕ್ಕಿತು. ಖರಾಬು ಎರಡು ಬಗೆ. ಮೋಜಣಿಯ ಕಾಲದಲ್ಲಿ ಬೇಸಾಯಕ್ಕೆ ಒದಗದೆಂದು ಬಿಟ್ಟ ನೆಲ, ಒಡೆಯನ ಕಣ ಮೊದಲಾದವು ಸೇರಿ ‘ಅ’ ಖರಾಬು. ದಾರಿ, ಇತರರಿಗೂ ನೀರೊದಗಿಸುವ ಕೆರೆ ಹಳ್ಳ, ಸ್ಮಶಾನ, ಊರ ಕುಂಬಾರಿಕೆಗೆ ಬಿಟ್ಟ ನೆಲ, ಇಂಥವೆಲ್ಲ ‘ಬ’ ಖರಾಬು. ನಮ್ಮ ನಾಲ್ಕು ಗುಂಟೆ ಬಂಡಿದಾರಿ! ಅದು ಕೆಟ್ಟ ನೆಲವಲ್ಲ, ನಾಲ್ಕು ಜನರ ನೆಲ. ಹಸು ಉಳಿಯಿತು.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ನಮ್ಮ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದು ದೊಡ್ಡ ಕೆಲಸವೇ ಸರಿ. ಆದರೆ ಶಾನುಭೋಗರ ಕಾಲದ ಪದಗಳು ಅವುಗಳೊಡನೆ ಬಂದವು. ಅರ್ಥ ಹೇಳಬಲ್ಲ ಶಾನುಭೋಗರು ಬರಲಿಲ್ಲ.

ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ಈ ಕೊರತೆಗೆ ಪರಿಹಾರ ಹಿಂದಿನಿಂದಲೂ ಇದೆ. ಪದವನ್ನು ಎಲ್ಲಿ ಮೊದಲು ವಿವರಿಸುತ್ತೇವೆಯೋ ಅಲ್ಲಿ ಅದನ್ನು ‘ಡಿಎಫ್‌ಎನ್’ ಎಂಬ ಗುರುತಿನೊಳಗೆ ಇಡಬೇಕು. ವಿವರಣೆ ಅದೇ ಪ್ಯಾರಾದಲ್ಲಿರಬೇಕು. ಆ ಗುರುತಿಗೊಂದು ಹೆಸರು ಕೊಟ್ಟರೆ, ಮುಂದೆ ಆ ಪದ ಬಂದ ಕಡೆಯಿಂದೆಲ್ಲ ಓದುಗನು ಒಂದು ಒತ್ತಿನಲ್ಲಿ ಅಲ್ಲಿಗೆ ಬರಬಹುದು. ಆರ್‌ಟಿಸಿಯಂಥ ಹ್ರಸ್ವರೂಪಗಳಿಗೆ ‘ಎಬಿಬಿಆರ್’ ಎಂಬ ಬೇರೆ ಗುರುತಿದೆ. ಪದವನ್ನೂ ಅರ್ಥವನ್ನೂ ಜೋಡಿಯಾಗಿ ಇಡುವ ಪಟ್ಟಿಯಂತೂ 1991ರ ಮೊದಲ ಗುರುತುಪಟ್ಟಿಯಲ್ಲಿಯೇ ಇತ್ತು.

ಇಷ್ಟೆಲ್ಲ ಏಕೆ, ಕೊನೆಯಲ್ಲೊಂದು ಪದಕೋಶ ಹಾಕಿದರೆ ಸಾಲದೆ ಎಂದು ನನ್ನ ಮಿತ್ರನೊಬ್ಬನು ಕೇಳಿದನು. ಪದಕೋಶವನ್ನು ನಾನು ಹಳಿಯುವವನಲ್ಲ. ಕೇಶಿರಾಜನು ಶಬ್ದಮಣಿದರ್ಪಣಕ್ಕೆ ಪ್ರಯೋಗಸಾರವನ್ನು ಸೇರಿಸಿದನು. 1894ರಲ್ಲಿ ಬಂದ ಕಿಟ್ಟೆಲ್ ಕೋಶವನ್ನು ನಾವು ಇಂದಿಗೂ ತೆರೆಯುತ್ತೇವೆ. ಆದರೆ ಕೋಶ ತೆರೆಯುವವನು ವಿದ್ಯಾರ್ಥಿ. ಪಹಣಿ ಹಿಡಿದು ನಿಂತ ರೈತನಿಗೆ ಆ ಅಭ್ಯಾಸವೆಲ್ಲಿಂದ ಬರಬೇಕು?

ಅರ್ಥವನ್ನು ‘ಟೈಟಲ್’ ಎಂಬ ಮರೆಯಲ್ಲಿ ಅಡಗಿಸುವ ಇನ್ನೊಂದು ರೂಢಿಯುಂಟು. ಇಲಿಬಾಣವನ್ನು ಪದದ ಮೇಲೆ ತಂದು ನಿಲ್ಲಿಸಿದರೆ ಮಾತ್ರ ಅದು ತೋರುತ್ತದೆ. ನಮ್ಮೂರಿನಲ್ಲಿ ಎಲ್ಲರ ಕೈಯಲ್ಲಿರುವುದು ಫೋನು. ಅದಕ್ಕೆ ಇಲಿಯೇ ಇಲ್ಲ. ಆದ್ದರಿಂದ ಅರ್ಥವನ್ನು ವಾಕ್ಯದಲ್ಲಿಯೇ ಬಿಚ್ಚಿ ಬರೆಯಬೇಕು, ಗುರುತು ಅದರ ಮೇಲೆ ಬರಬೇಕು. ಗುರುತಿಟ್ಟ ಪದವನ್ನು ಯಂತ್ರವು ಸಾಮಾನ್ಯವಾಗಿ ಓರೆಯಾಗಿ ತೋರಿಸುತ್ತದೆ. ಕನ್ನಡದ ದುಂಡು ಅಕ್ಷರಗಳಿಗೆ ಆ ಓರೆ ಒಪ್ಪುವುದಿಲ್ಲ. ದಪ್ಪಕ್ಷರಕ್ಕೆ ಬದಲಾಯಿಸುವುದು ಮೇಲು.

ಅಧ್ಯಾಪಕ ವರ್ಗದವರಲ್ಲಿ ನನ್ನದೊಂದು ಬಿನ್ನಹ. ಪ್ರತಿವರ್ಷ ನಾವು ಬರೆದೊಪ್ಪಿಸಿ ಮರೆಯುವ ಕಿರುಪ್ರಬಂಧಗಳಿಗೆ ಬದಲಾಗಿ, ನಮ್ಮ ನಮ್ಮ ಊರಿನ ಕಂದಾಯ ಪದಗಳನ್ನು ಹಿರಿಯರಿಂದ ಕೇಳಿ, ನಿಯಮಗಳೊಡನೆ ಹೋಲಿಸಿ, ಹೀಗೆ ಗುರುತಿಟ್ಟು ಬರೆಯುವ ಕೆಲಸವನ್ನು ಕೊಡಬಾರದೇಕೆ? ನಾನು ಹನ್ನೊಂದು ಪದಗಳನ್ನು ಬರೆದಿದ್ದೇನೆ. ತಂದೆಯವರು ಅವುಗಳನ್ನು ಫೋನಿನಲ್ಲಿ ಓದಿಸಿ ಕೇಳಿ, ‘ಪೋಡಿ’ ಎಲ್ಲಿ ಎಂದು ಆಗಲೇ ವಿಚಾರಿಸಿದ್ದಾರೆ.